ಹಳೇ ಕೌದಿ ರಿಪೇರಿಗೆ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಮನೆಯಲ್ಲಿ ಅಜ್ಜಿ ಕಾಲದ ಕೌದಿ (ಹಳೇ ಬಟ್ಟೆ ತುಂಡು ಜೋಡಿಸಿ ಹೊಲಿದ ಹೊದಿಕೆ) ಇದೆ, ಯಾರಿಗಾದರೂ ಕೊಟ್ಟು ಸರಿಮಾಡಿಸೋಣ ಅಂತ ಇದ್ದೀರಾ? ಸ್ವಲ್ಪ ತಡೆಯಿರಿ. ಬೆಂಗಳೂರಿನ ಒಂದು ಬುಟೀಕ್‌ನವರು ನಮ್ಮ ಕೌದಿಗೆ ಏನು ಮಾಡಿದರು ಅಂತ ಹೇಳುತ್ತೇನೆ. ಹೆಸರು ಹಾಕುವುದಿಲ್ಲ. ಹಳೇ ಬಟ್ಟೆಗೆ ‘ಹೊಸ ಜೀವ’ ಕೊಡುತ್ತೇವೆ ಅನ್ನುವವರು ಈಗ ಗಲ್ಲಿಗೊಬ್ಬರು ಇದ್ದಾರೆ.

ಕೌದಿ ನಮ್ಮ ಆಯಿಯದು, ಬಾಗಲಕೋಟೆ ಕಡೆಯದು. ಒಳಗೆ ಹಳೇ ಸೀರೆಗಳ ಪದರ. ಮೇಲೆ ಇಳಕಲ್ ಸೀರೆಯ ಸೆರಗು, ಇಳಕಲ್‌ನದೇ ಚಿಕ್ಕಿ ಪರಾಸ್ ಅನ್ನುವ ಅಂಚು, ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ), ಅಜ್ಜನ ಧೋತರದ ತುಂಡುಗಳು. ಹೊಲಿಗೆ ಅಂಚಿನಿಂದ ಶುರುವಾಗಿ, ಸುತ್ತು ಹಾಕುತ್ತಾ ನಡುವಿಗೆ ಬಂದು ಮುಗಿಯುತ್ತದೆ. ಒಂದು ಮೂಲೆಯನ್ನು ಇಲಿ ಕಡಿದಿತ್ತು, ಅಲ್ಲಲ್ಲಿ ಬಟ್ಟೆ ಪಿಸಿದಿತ್ತು. ಜೊತೆಗೆ ಒಂದು ಗಂಟು ಇತ್ತು. ಮುಂದಿನ ಕೌದಿಗೆ ಅಂತ ಆಯಿ ತ್ರಿಕೋನಗಳನ್ನು ಜೋಡಿಸಿ ಚೌಕ ಮಾಡಿ ಇಟ್ಟು, ಹೊಲಿಯದೇ ಬಿಟ್ಟುಹೋಗಿದ್ದಳು. ಇಲಿ ಕಡಿದ ಜಾಗಕ್ಕೆ ಅದರಲ್ಲೇ ಎರಡು ಚೌಕ ಹಾಕಿ, ಉಳಿದದ್ದನ್ನು ಮುಟ್ಟಬೇಡಿ ಅಂತ ಹೇಳಿಯೇ ಕೊಟ್ಟಿದ್ದೆ.

ವಾಪಸ್ ಬಂದಾಗ ಅವ್ವ ಬಿಚ್ಚಿ ನೋಡಿ, “ಇದು ನಮ್ಮದಲ್ಲ, ಬೇರೆ ಯಾರದೋ ಕೊಟ್ಟಾರ” ಅಂದಳು.

ಮೊದಲು ತೊಳೆದ ಕಥೆ. ಹಳದಿ ಕಲೆ ಹೋಗಲಿ ಅಂತ ಬ್ಲೀಚ್‌ನಲ್ಲಿ ನೆನೆಸಿದ್ದರು. ಬಿಳಿ ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ಹತ್ತಿಯನ್ನು ದುರ್ಬಲ ಮಾಡುತ್ತದೆ, ರೇಷ್ಮೆಯನ್ನಂತೂ ಕರಗಿಸಿಯೇ ಬಿಡುತ್ತದೆ. ಹಳೇ ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಹಾಗಾಗಿ ಕೌದಿಯಲ್ಲಿ ಅತಿ ಚೆಂದದ ತುಂಡುಗಳು ಎಲ್ಲಿದ್ದವೋ ಸರಿಯಾಗಿ ಅಲ್ಲೇ ತೂತು ಬಿದ್ದಿದ್ದವು. ಸೆರಗಿನ ಕೆಂಪು ಮೊದಲೇ ಬಣ್ಣ ಬಿಡುವಂಥದ್ದು. ಅದು ಧೋತರದ ಬಿಳಿಗೆಲ್ಲ ಹತ್ತಿ ಗುಲಾಬಿಯಾಗಿತ್ತು. ಕೇಳಿದರೆ “ಮೇಡಂ, ಬಟ್ಟೆ ಮೊದಲೇ ಹಣ್ಣಾಗಿತ್ತು” ಅಂದರು. ಹಣ್ಣಾಗಿದ್ದಕ್ಕೇ ಅಲ್ವಾ ರಿಪೇರಿಗೆ ಕೊಟ್ಟಿದ್ದು?

ಆಮೇಲೆ ಆ ತೂತು ಮುಚ್ಚಲು ಹೊಸ ಪ್ರಿಂಟೆಡ್ ಬಟ್ಟೆ ಹಾಕಿ, ಒಳಗೆ ಫೈಬರ್ ತುಂಬಿ, ಪಾಲಿಯೆಸ್ಟರ್ ದಾರದಲ್ಲಿ ಉದ್ದಕ್ಕೂ ಅಡ್ಡಕ್ಕೂ ಮಷೀನ್ ಓಡಿಸಿದ್ದರು. ನೋಡಲು ನೀಟಾಗಿ ಇತ್ತು, ಸುಳ್ಳು ಹೇಳಬಾರದು. ಹೊದ್ದರೆ ಬೆವರು. ಆ ಗಟ್ಟಿ ದಾರ ಹಳೇ ಹತ್ತಿಯನ್ನು ಒಳಗೊಳಗೇ ಕೊಯ್ಯುತ್ತದೆ ಅನ್ನುವುದು ಬೇರೆ. ಎಳೆದಾಗ ದಾರ ಹರಿಯುವುದಿಲ್ಲ, ಬಟ್ಟೆ ಹರಿಯುತ್ತದೆ. ಕೈಹೊಲಿಗೆಯ ಹತ್ತಿ ದಾರವಾದರೆ ಮೊದಲು ತಾನೇ ಹರಿಯುತ್ತದೆ. ಮತ್ತೆ ನಾಲ್ಕು ಟಾಕಿ ಹಾಕಿದರೆ ಆಯಿತು.

ನನಗೆ ಈಗಲೂ ಹೊಟ್ಟೆ ಉರಿಯುವುದು ಇದಕ್ಕಲ್ಲ. ತೆಗೆದ ತುಂಡುಗಳೆಲ್ಲಿ, ಚೌಕದ ಗಂಟೆಲ್ಲಿ ಅಂತ ಕೇಳಿದೆ. “ವೇಸ್ಟ್ ಅಂತ ಎಸೆದ್ವಿ” ಅಂದರು. ಸ್ವಲ್ಪ ದಿನಕ್ಕೆ ಅವರದೇ ಪೇಜಿನಲ್ಲಿ ಒಂದು ಕೈಚೀಲದ ಫೋಟೋ ಬಂತು, ‘ಹಳೇ ಖಣದ ತುಂಡಿನಿಂದ ಮಾಡಿದ್ದು’ ಅಂತ. ಅದರ ಮೇಲೆ ಆಯಿ ಹಸಿರು ದಾರದಲ್ಲಿ ರಫು ಮಾಡಿದ ಕಪ್ಪು ಖಣ! ಕೊಡುವ ಮುಂಚೆ ಅವ್ವ ಮೊಬೈಲಿನಲ್ಲಿ ತೆಗೆದಿಟ್ಟಿದ್ದ ಫೋಟೋ ಪಕ್ಕದಲ್ಲಿಟ್ಟು ನೋಡಿದೆವು. ಅದೇ ರಫು, ಅದೇ ಸೊಟ್ಟ ಮೂಲೆ. ಎರಡನ್ನೂ ಅವರಿಗೆ ಕಳಿಸಿದೆ. ಕೈಚೀಲದ ಫೋಟೋ ಪೇಜಿನಿಂದ ಮಾಯವಾಯಿತು, ಉತ್ತರ ಬರಲಿಲ್ಲ.

ಹಳೇ ಖಣ, ಹಳೇ ಸೆರಗಿಗೆ ಈಗ ಒಳ್ಳೆ ಬೆಲೆ ಇದೆ. ‘ರಿಪೇರಿ’ ಅನ್ನುವ ಕೆಲವರಿಗೆ ಬೇಕಾಗಿರುವುದು ನಿಮ್ಮ ಕೌದಿಯಲ್ಲ, ಅದರ ತುಂಡುಗಳು. ಆದ್ದರಿಂದ ಕೊಡುವ ಮುಂಚೆ ಎರಡೂ ಬದಿಯ ಫೋಟೋ ತೆಗೆಯಿರಿ, ತೇಪೆ, ರಫು ಎಲ್ಲ ಹತ್ತಿರದಿಂದ. ಬಿಡಿ ಚೌಕಗಳಿದ್ದರೆ ಎಣಿಸಿ, ಚೀಟಿಯಲ್ಲಿ ಬರೆಸಿ, ಸಹಿ ಹಾಕಿಸಿ. ತೆಗೆದದ್ದೆಲ್ಲ, ಒಂದು ಎಳೆಯಾದರೂ ಸರಿ, ವಾಪಸ್ ಬೇಕು ಅಂತ ಅದೇ ಚೀಟಿಯಲ್ಲಿ ಬರೆಸಿ. ಅಷ್ಟಕ್ಕೇ ಮುಖ ಸಿಂಡರಿಸಿದರೆ ಕೌದಿ ಎತ್ತಿಕೊಂಡು ಬಂದುಬಿಡಿ.

ಹೇಗೆ ತೊಳೆಯುತ್ತೀರಿ ಅಂತಲೂ ಕೇಳಿ. ಕೆಲಸ ಗೊತ್ತಿರುವವರು ಒದ್ದೆ ಬಿಳಿ ಬಟ್ಟೆಯನ್ನು ಒಂದೊಂದು ಬಣ್ಣದ ಮೇಲೂ ಸ್ವಲ್ಪ ಹೊತ್ತು ಒತ್ತಿಹಿಡಿದು ನೋಡುತ್ತಾರೆ. ಬಣ್ಣ ಹತ್ತಿದರೆ ನೀರಿಗೆ ಹಾಕುವ ಮಾತೇ ಇಲ್ಲ, ನೆರಳಿನಲ್ಲಿ ಗಾಳಿಗೆ ಹಾಕಿ ದೂಳು ತೆಗೆಯುತ್ತಾರೆ. ಯಾವ ತುಂಡು ರೇಷ್ಮೆ ಅಂತ ತಿಳಿಯಬೇಕಾದರೆ ಬಿಟ್ಟುಕೊಂಡ ಒಂದು ಎಳೆ ಸುಟ್ಟು ನೋಡಬಹುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಹತ್ತಿಯೂ ಆರ್ಟ್ ಸಿಲ್ಕೂ (ರೇಯಾನ್ ಅನ್ನುವ ಕೃತಕ ರೇಷ್ಮೆ) ಆದರೆ ಕಾಗದ ಸುಟ್ಟ ವಾಸನೆ. ಆರ್ಟ್ ಸಿಲ್ಕ್ ಒದ್ದೆಯಾದಾಗ ತುಂಬಾ ದುರ್ಬಲ, ಹಿಂಡಿದರೆ ಹರಿಯುತ್ತದೆ. ತೊಳೆದ ಕೌದಿಯನ್ನು ಹಗ್ಗದ ಮೇಲೆ ನೇತುಹಾಕುವವರ ಹತ್ತಿರ ಕೊಡಲೇಬೇಡಿ. ನೀರಿನ ಭಾರಕ್ಕೇ ಹೊಲಿಗೆ ಕಿತ್ತುಬರುತ್ತದೆ, ನೆಲದಲ್ಲಿ ಹಾಸಿ ಒಣಗಿಸಬೇಕು.

ಪಿಸಿದ ತುಂಡನ್ನು ಕಿತ್ತು ಹಾಕುವ ಅಗತ್ಯವೂ ಇಲ್ಲ. ಅದರ ಮೇಲೆ ತೆಳು ನೆಟ್ ಬಟ್ಟೆ ಹಾಸಿ ಸುತ್ತ ಸಣ್ಣ ಟಾಕಿ ಹಾಕಿದರೆ ಹಳೇದು ಒಳಗೆ ಕಾಣುತ್ತಾ ಇರುತ್ತದೆ. ಇಸ್ತ್ರಿ ಹಾಕಿ ಅಂಟಿಸುವ ಫ್ಯೂಸಿಂಗ್ ಅಂದರೆ ಬೇಡ ಅನ್ನಿ. ಆ ಅಂಟು ಮತ್ತೆ ಪೂರ್ತಿ ಬಿಡುವುದಿಲ್ಲ.

ನಮ್ಮ ಕೌದಿ ಈಗ ಊರಲ್ಲಿದೆ. ಕೌದಿ ಹೊಲಿಯುವ ಅಕ್ಕ ಒಬ್ಬರು ಮಷೀನ್ ಹೊಲಿಗೆ ಬಿಚ್ಚುತ್ತಿದ್ದಾರೆ. ಒಂದೊಂದೇ ಟಾಕಿ ಕತ್ತರಿಸಬೇಕು, ಎಳೆಯುವ ಹಾಗಿಲ್ಲ, ನಿಧಾನದ ಕೆಲಸ. ಬುಟೀಕ್‌ನವರಿಗೆ ಉಳಿದ ಹಣ ಕೊಟ್ಟಿಲ್ಲ. ಚೌಕದ ಗಂಟು ತಂದುಕೊಟ್ಟರೆ ಮಾತಾಡೋಣ ಅಂದಿದ್ದೇನೆ.