ಬಿಲ್ಲು ಬರಲಿ, ಆಮೇಲೆ ಪ್ರೀಮಿಯಂ ತುಂಬೋಣ ಎನ್ನುವವರಿಗೆ

ಈ ಮಳೆಗಾಲದಲ್ಲಿ ನನ್ನಂತೆಯೇ ಸ್ವಂತವಾಗಿ ಡ್ರಾಯಿಂಗ್ ಕೆಲಸ ಮಾಡಿಕೊಂಡಿರುವ ಹಳೆಯ ಗೆಳೆಯರೊಬ್ಬರು ಫೋನ್ ಮಾಡಿ, ಮಾತಿನ ನಡುವೆ, "ಫ್ಯಾಕ್ಟರಿಯವರ ರೊಕ್ಕ ಈ ವಾರ ಬರತೈತಿ, ಬಂದ ಕೂಡ್ಲೆ ಹೆಲ್ತ್ ಇನ್ಶೂರೆನ್ಸ್ ತುಂಬಿಬಿಡ್ತೀನಿ" ಎಂದರು. ಒಂದು ವರ್ಷದ ಹಿಂದೆ ನನ್ನ ಹೆಂಡತಿಗೆ ನಾನು ಹೇಳಿದ ಮಾತು ಹೆಚ್ಚುಕಡಿಮೆ ಇದೇ ಆಗಿತ್ತು. ಆ ಮಾತಿಗೆ ನಾನು ತೆತ್ತ ಬೆಲೆ ಎರಡು ಲಕ್ಷಕ್ಕಿಂತ ಹೆಚ್ಚು. ಐವತ್ತು ದಾಟಿದ ಮೇಲೆ ನೌಕರಿಯ ಆಸರೆಯಿಲ್ಲದೆ ಕೆಲಸದ ಲೆಕ್ಕದಲ್ಲಿ ದುಡಿಯುವವರು ನಮ್ಮ ಬೆಳಗಾವಿಯಲ್ಲಿ ಕಡಿಮೆಯಿಲ್ಲ. ಅವರಲ್ಲಿ ಒಬ್ಬರಾದರೂ ನನ್ನ ದಾರಿ ಹಿಡಿಯದಿರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನನ್ನ ತಪ್ಪುಗಳನ್ನೂ ಮುಚ್ಚಿಟ್ಟಿಲ್ಲ.

ನಾನು ಉದ್ಯಮಬಾಗದ ಒಂದು ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಇಪ್ಪತ್ತಮೂರು ವರ್ಷ ಕೆಲಸ ಮಾಡಿದವನು. 2016ರಲ್ಲಿ ಆ ವಿಭಾಗವನ್ನೇ ಮುಚ್ಚಿದಾಗ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಫೌಂಡ್ರಿಗಳಿಗೆ (ಎರಕ ಹೊಯ್ಯುವ ಕಾರ್ಖಾನೆಗಳಿಗೆ) ಪ್ಯಾಟರ್ನ್ (ಎರಕದ ಅಚ್ಚು ಮಾಡಲು ಬೇಕಾದ ಮಾದರಿ), ಕೋರ್ ಬಾಕ್ಸ್ ಮತ್ತು ಫಿಕ್ಸ್ಚರ್‌ಗಳ ಡ್ರಾಯಿಂಗ್ ಮಾಡಿಕೊಡಲು ಆರಂಭಿಸಿದೆ. ಕರಗಿದ ಕಬ್ಬಿಣ ತಣ್ಣಗಾಗುವಾಗ ಕುಗ್ಗುತ್ತದೆ; ಗ್ರೇ ಕಾಸ್ಟ್ ಐರನ್ನಿಗೆ ನೂರಕ್ಕೆ ಒಂದರಂತೆ ಲೆಕ್ಕ ಹಿಡಿದು, ಆರುನೂರು ಮಿಲಿಮೀಟರ್ ಉದ್ದದ ಭಾಗ ಬೇಕಿದ್ದರೆ ಪ್ಯಾಟರ್ನನ್ನು ಆರುನೂರ ಆರಕ್ಕೆ ಬರೆಯಬೇಕು. ಆರು ಮಿಲಿಮೀಟರನ್ನು ಇಷ್ಟು ಜೋಪಾನವಾಗಿ ಲೆಕ್ಕ ಹಾಕುವ ಮನುಷ್ಯ ತನ್ನ ಪಾಲಿಸಿಯ ತಾರೀಖನ್ನು ಲೆಕ್ಕ ಹಾಕಲಿಲ್ಲ ಎಂದು ನನ್ನ ಮಗ ಈಗಲೂ ಚುಚ್ಚುತ್ತಾನೆ.

ಕಾರ್ಖಾನೆ ಬಿಟ್ಟ ದಿನವೇ ಅಲ್ಲಿನ ಗುಂಪು ವಿಮೆಯೂ ನಿಂತಿತು. ಅದೇ ವರ್ಷದ ಜೂನ್‌ನಲ್ಲಿ ನನಗೂ ಹೆಂಡತಿಗೂ ಸೇರಿ ಐದು ಲಕ್ಷದ ಆರೋಗ್ಯ ವಿಮೆ ತೆಗೆದುಕೊಂಡೆ. ಅದಕ್ಕೆ ಒಂದು ವರ್ಷ ಮೊದಲು ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿತ್ತು. ಅರ್ಜಿಯಲ್ಲಿ ಅದನ್ನು ಬರೆದಿದ್ದೆ. ಆಗಿನ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ನಾಲ್ಕು ವರ್ಷ ಕಾಯಬೇಕಿತ್ತು, ಕಾದೆ. 2024ರ ಹೊತ್ತಿಗೆ ಎಂಟು ವರ್ಷದ ಅಖಂಡ ಪಾಲಿಸಿ ನನ್ನ ಕೈಯಲ್ಲಿತ್ತು. ಸತತ ಅರುವತ್ತು ತಿಂಗಳು ನಡೆದ ಪಾಲಿಸಿಯಲ್ಲಿ, ವಂಚನೆ ಸಾಬೀತಾದರೆ ಹೊರತು, ಅದನ್ನು ಹೇಳಿರಲಿಲ್ಲ, ಇದನ್ನು ಬಚ್ಚಿಟ್ಟಿದ್ದರು ಎಂಬ ಕಾರಣಕ್ಕೆ ಕಂಪನಿ ಕ್ಲೇಮ್ ನಿರಾಕರಿಸುವಂತಿಲ್ಲ. ವಯಸ್ಸಾದವನಿಗೆ ಇಂಥ ಹಳೆಯ ಪಾಲಿಸಿಯೇ ಒಂದು ಆಸ್ತಿ ಎಂಬುದು ನನಗೆ ಅದನ್ನು ಕಳೆದುಕೊಂಡ ಮೇಲೆ ತಿಳಿಯಿತು.

2024ರ ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಒಂದು ಕಾರ್ಖಾನೆಗೆ ಪಂಪ್ ಹೌಸಿಂಗ್‌ಗಳ ಡ್ರಾಯಿಂಗ್ ಮಾಡಿಕೊಟ್ಟೆ. ಆರು ವರ್ಷದ ಪರಿಚಯ ಇದ್ದುದರಿಂದ ಲಿಖಿತ ಆರ್ಡರ್ ಕೇಳಿರಲಿಲ್ಲ. ಫೋನಿನಲ್ಲಿ ಹೇಳಿದ್ದನ್ನೇ ಆರ್ಡರ್ ಎಂದು ತಿಳಿದು ರಾತ್ರಿ ಹನ್ನೊಂದರವರೆಗೆ ಕೂತು ಮುಗಿಸಿದ್ದೆ. ಬಿಲ್ಲು 1,86,000 ರೂಪಾಯಿ. ಏಪ್ರಿಲ್ ಹೋಯಿತು, ಮೇ ಹೋಯಿತು. ಕೇಳಿದಾಗಲೆಲ್ಲ ಖರೀದಿ ವಿಭಾಗದವರು ಹೇಳುತ್ತಿದ್ದುದು ಒಂದೇ ಮಾತು: "ಬಿಲ್ ಇನ್ನ ಪಾಸ್ ಆಗಿಲ್ರಿ, ಈ ಶನಿವಾರ ನೋಡೋಣ್ರಿ." ಜೂನ್‌ನಲ್ಲಿ ತೆರಿಗೆ ಲೆಕ್ಕಕ್ಕೆಂದು ನನ್ನ 26ಎಎಸ್ (ನನ್ನ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಮುರಿದಿದ್ದಾರೆಂದು ತೋರಿಸುವ ಆದಾಯ ತೆರಿಗೆ ಇಲಾಖೆಯ ಪಟ್ಟಿ) ತೆಗೆದು ನೋಡಿದರೆ, ಅದೇ ಕಾರ್ಖಾನೆಯವರು ಮಾರ್ಚ್ ತಿಂಗಳ ತಾರೀಖಿನಲ್ಲಿ ನನ್ನ ಹೆಸರಿಗೆ 1,86,000 ಜಮಾ ತೋರಿಸಿ, ಶೇಕಡ 10ರಂತೆ 18,600 ರೂಪಾಯಿ ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದುಕೊಳ್ಳುವ ತೆರಿಗೆ) ಮುರಿದು ಸರ್ಕಾರಕ್ಕೆ ಕಟ್ಟಿದ್ದರು. ಲೆಕ್ಕದ ಪುಸ್ತಕದಲ್ಲಿ ಜಮಾ ಮಾಡಿದ ದಿನ ಅಥವಾ ಹಣ ಕೊಟ್ಟ ದಿನ, ಯಾವುದು ಮೊದಲೋ ಆಗ ಟಿಡಿಎಸ್ ಮುರಿಯಬೇಕೆಂಬುದು ನಿಯಮ. ಅಂದರೆ ಅವರ ಪುಸ್ತಕದಲ್ಲಿ ನನ್ನ ಬಿಲ್ಲು ಮಾರ್ಚ್‌ನಲ್ಲಿಯೇ ಪಾಸಾಗಿತ್ತು! ಪಾಸಾಗದೆ ಉಳಿದಿದ್ದು ನನಗೆ ಹೇಳುವ ಮಾತಿನಲ್ಲಿ ಮಾತ್ರ. ನಿಮ್ಮ ಬಿಲ್ಲು ಪಾಸಾಗಿಲ್ಲ ಎಂದು ಯಾರಾದರೂ ತಿಂಗಳುಗಟ್ಟಲೆ ಹೇಳುತ್ತಿದ್ದರೆ, ಅವರ ಕಚೇರಿಯ ಬಾಗಿಲು ಕಾಯುವ ಮುನ್ನ ಈ ಒಂದು ಹಾಳೆಯನ್ನು ನೋಡಿಕೊಳ್ಳಿ.

ಸಣ್ಣ ಉದ್ದಿಮೆಗಳ ಬಾಕಿಗೆ 2006ರ ಕಾಯ್ದೆಯ ರಕ್ಷಣೆ ಇದೆ. ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆಗ ಆ ದರ 6.75 ಇದ್ದುದರಿಂದ ವರ್ಷಕ್ಕೆ ಶೇಕಡ 20.25 ಆಗುತ್ತಿತ್ತು. ಆದರೆ ಅದಕ್ಕೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಎಂಬ ಸರ್ಕಾರಿ ನೋಂದಣಿ ಬೇಕು. ಅದು ಯಂತ್ರ, ಶೆಡ್ಡು ಇದ್ದವರಿಗೆ ಎಂದು ನಾನು ಎಂಟು ವರ್ಷ ಭಾವಿಸಿಕೊಂಡಿದ್ದೆ. ಸೇವೆ ಕೊಡುವ ಒಂಟಿ ಮನುಷ್ಯನೂ ಆಧಾರ್ ಮತ್ತು ಪ್ಯಾನ್ ಇಟ್ಟುಕೊಂಡು, ಪುಕ್ಕಟೆಯಾಗಿ, ಅರ್ಧ ಗಂಟೆಯಲ್ಲಿ ಮಾಡಿಕೊಳ್ಳಬಹುದು. ಜೂನ್‌ನಲ್ಲಿ ಮಾಡಿಕೊಂಡೆ. ಕೆಲಸ ಒಪ್ಪಿಸಿದ ಮೇಲೆ ಮಾಡಿಸಿದ ನೋಂದಣಿಯನ್ನು ಹಳೆಯ ಬಿಲ್ಲಿಗೆ ಹಚ್ಚುವುದು ಕಷ್ಟ ಎಂದು ವಕೀಲರು ಹೇಳಿ ಕಳಿಸಿದರು.

ಇತ್ತ ಪಾಲಿಸಿ ನವೀಕರಣದ ತಾರೀಖು ಜೂನ್ 20. ಪ್ರೀಮಿಯಂ 33,800 ರೂಪಾಯಿ. ಅದೇ ತಿಂಗಳು ಮಗನ ಕಾಲೇಜು ಪ್ರವೇಶಕ್ಕೆ ಕೈಯಲ್ಲಿದ್ದದ್ದು ಖರ್ಚಾಗಿತ್ತು. ತಮ್ಮನನ್ನು ಕೇಳಿದ್ದರೆ ಕೊಡುತ್ತಿದ್ದ; ನನಗೇ ಲಕ್ಷಕ್ಕೂ ಹೆಚ್ಚು ಬರಬೇಕಿರುವಾಗ ಮೂವತ್ತು ಸಾವಿರಕ್ಕೆ ಕೈಯೊಡ್ಡುವುದು ಹೇಗೆ ಎಂಬ ಬಿಗುಮಾನ ನನ್ನನ್ನು ಬಿಡಲಿಲ್ಲ. ನಮ್ಮ ಓಣಿಯವನೇ ಆದ ಏಜೆಂಟ್ ಹುಡುಗ, "ಕಾಕಾ, ಚಿಂತಿ ಬ್ಯಾಡ್ರಿ, ಇನ್ನೂ ಒಂದ್ ತಿಂಗಳ ಐತ್ರಿ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ವರ್ಷಕ್ಕೊಮ್ಮೆ ಕಟ್ಟುವ ಪಾಲಿಸಿಗೆ ಮೂವತ್ತು ದಿನದ ರಿಯಾಯಿತಿ ಅವಧಿ ಇರುತ್ತದೆ. ಆದರೆ ಆ ಮೂವತ್ತು ದಿನ ನಿಮ್ಮ ಹಳೆಯ ಹಕ್ಕುಗಳು ಉಳಿಯುತ್ತವೆಯೇ ಹೊರತು, ಪ್ರೀಮಿಯಂ ಕಟ್ಟದ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಖರ್ಚು ಸಿಗುವುದಿಲ್ಲ ಎಂಬುದನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ರಿಯಾಯಿತಿ ಅವಧಿ ಜುಲೈ 20ರ ಶನಿವಾರಕ್ಕೆ ಮುಗಿಯಿತು. ಕಾರ್ಖಾನೆಯವರು ಮೊದಲ ಕಂತೆಂದು 60,000 ರೂಪಾಯಿ ಹಾಕಿದ್ದು ಸೋಮವಾರ, ಜುಲೈ 22ರಂದು. ಎರಡು ದಿನ. ಆ ಮಧ್ಯಾಹ್ನವೇ ಹೊರಗೆ ಜಡಿಮಳೆ ಹೊಡೆಯುತ್ತಿರುವಾಗ ಪ್ರೀಮಿಯಂ ತುಂಬಲು ಕೂತರೆ ಪರದೆಯ ಮೇಲೆ ಪಾಲಿಸಿ ರದ್ದಾಗಿದೆ ಎಂಬ ಒಂದೇ ಸಾಲು. ಕಂಪನಿಗೆ ಫೋನ್, ಮೇಲ್, ಶಾಖೆಗೆ ಭೇಟಿ ಎಲ್ಲ ಆಯಿತು. ಹೊಸ ಪಾಲಿಸಿ ತೆಗೆದುಕೊಳ್ಳಿ ಎಂಬುದೇ ಉತ್ತರ.

ನನ್ನ ಎರಡನೆಯ ಮತ್ತು ದೊಡ್ಡ ತಪ್ಪು ಇಲ್ಲಿ ನಡೆಯಿತು. ಹೊಸ ಅರ್ಜಿಯನ್ನು ಏಜೆಂಟ್ ಹುಡುಗ ನಮ್ಮ ಮನೆಯ ಸೋಫಾದ ಮೇಲೆ ಕೂತು ತನ್ನ ಮೊಬೈಲಿನಲ್ಲಿ ತುಂಬಿದ. ನನ್ನ ಕನ್ನಡಕ ಕಂಪ್ಯೂಟರಿನ ಪಕ್ಕದಲ್ಲಿತ್ತು. ಅದಿಲ್ಲದೆ ಮೊಬೈಲಿನ ಅಕ್ಷರ ನನಗೆ ಇರುವೆ ಸಾಲಿನಂತೆ ಕಾಣುತ್ತದೆ. ಸಕ್ಕರೆ ಕಾಯಿಲೆಯ ಪ್ರಶ್ನೆ ಬಂದಾಗ ಅವನು ತಲೆಯೆತ್ತಿ, "ಕಾಕಾ, ಇದನ್ನ ಹೌದಂತ ಹಾಕಿದ್ರ ಪ್ರೀಮಿಯಂ ಏರತೈತ್ರಿ, ಟೆಸ್ಟ್ ಬ್ಯಾರೆ ಮಾಡಸ್ತಾರ. ನಿಮ್ದು ಹಳೇ ಪಾಲಿಸಿಯೊಳಗ ಹ್ಯಾಂಗೂ ಐತಲ್ರಿ" ಎಂದ. ರದ್ದಾದ ಪಾಲಿಸಿಯಲ್ಲಿ ಬರೆದದ್ದು ಹೊಸ ಪಾಲಿಸಿಗೆ ಯಾವ ಉಪಯೋಗಕ್ಕೆ ಬರುತ್ತದೆ ಎಂದು ನಾನು ಕೇಳಬೇಕಿತ್ತು. ಹೂಂ ಎಂದೆ. ಮೊಬೈಲಿಗೆ ಬಂದ ಓಟಿಪಿಯ ಆರು ಅಂಕಿಗಳನ್ನು ಜೋರಾಗಿ ಓದಿ ಹೇಳಿದೆ. ಹೆಂಡತಿ ತಂದಿಟ್ಟ ಚಹಾ ಆರುವ ಮೊದಲೇ ಕೆಲಸ ಮುಗಿದಿತ್ತು. ಪಾಲಿಸಿಯ ಜೊತೆ ಬಂದ ಅರ್ಜಿಯ ಪ್ರತಿಯನ್ನು ತೆರೆದು ನೋಡಿದ್ದರೆ, ಮೂವತ್ತು ದಿನದೊಳಗೆ ಪಾಲಿಸಿಯನ್ನೇ ಹಿಂದಿರುಗಿಸುವ ಅವಕಾಶ ಇತ್ತು. ನೋಡಲಿಲ್ಲ.

ಇನ್ನು ಆರೋಗ್ಯದ ಮಾತು. ದಿನಕ್ಕೆ ಹತ್ತು ತಾಸು ಪರದೆ ನೋಡುವ ನಮ್ಮಂಥವರಿಗೆ ಕುತ್ತಿಗೆ ನೋವು ಹೊಸದಲ್ಲ. ಬೈಫೋಕಲ್ ಕನ್ನಡಕದ ಕೆಳಗಿನ ಭಾಗದಿಂದ ಪರದೆ ಕಾಣಬೇಕೆಂದರೆ ಗದ್ದ ಮೇಲೆತ್ತಿ ಕೂರಬೇಕು. ಸಂಜೆಯ ಹೊತ್ತಿಗೆ ಕುತ್ತಿಗೆಯಿಂದ ಎಡ ಭುಜದವರೆಗೆ ಬಿಗಿದುಕೊಳ್ಳುತ್ತದೆ. ಕೆಲವು ವರ್ಷದ ಹಿಂದೆ ವೈದ್ಯರು ಸ್ಪಾಂಡಿಲೋಸಿಸ್ (ಕುತ್ತಿಗೆಯ ಮೂಳೆ ಸವೆತ) ಎಂದಿದ್ದರು. ಹಾಗಾಗಿ 2024ರ ದೀಪಾವಳಿಯ ನಂತರ ಎಡ ಭುಜ, ದವಡೆಯ ಕೆಳಭಾಗದಲ್ಲಿ ನೋವು ಬಂದಾಗ, ಕೈ ಜೋಮು ಹಿಡಿದಂತಾದಾಗ ನಾನು ಮುಲಾಮು ಹಚ್ಚಿಕೊಂಡು ಕೂತೆ. ಆದರೆ ಈ ನೋವು ಕುರ್ಚಿಯಲ್ಲಿ ಕೂತಾಗ ಬರುತ್ತಿರಲಿಲ್ಲ, ಮೆಟ್ಟಿಲು ಹತ್ತುವಾಗ ಬರುತ್ತಿತ್ತು, ನಿಂತರೆ ಇಳಿಯುತ್ತಿತ್ತು. ಕುತ್ತಿಗೆಯ ನೋವಿಗೂ ಎದೆಯಿಂದ ಬಂದ ನೋವಿಗೂ ಇರುವ ಈ ವ್ಯತ್ಯಾಸ ಮೂರು ವಾರ ನನ್ನ ಕಣ್ಣ ಮುಂದೆಯೇ ಇತ್ತು. ಸಕ್ಕರೆ ಕಾಯಿಲೆ ಇರುವವರಲ್ಲಿ ನರಗಳ ಸಂವೇದನೆ ಕುಂದಿ ಹೃದಯದ ನೋವು ಮಂದವಾಗಿ ಕಾಣಿಸಿಕೊಳ್ಳಬಹುದು, ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದುಕೊಂಡು ಬೀಳಬೇಕೆಂದೇನಿಲ್ಲ ಎಂದು ಆಮೇಲೆ ವೈದ್ಯರು ವಿವರಿಸಿದರು. ಭುಜದ ನೋವು ನಡೆದಾಗ ಹೆಚ್ಚಿ ನಿಂತಾಗ ತಗ್ಗುತ್ತಿದ್ದರೆ ಮುಲಾಮಿನ ಡಬ್ಬಿ ಬದಿಗಿಟ್ಟು ಅಂದೇ ಇಸಿಜಿ ಮಾಡಿಸಿ.

ನವೆಂಬರ್ ಕೊನೆಯ ವಾರದ ಒಂದು ರಾತ್ರಿ ಎದೆಯುರಿ ಎಂದುಕೊಂಡು ಸೋಡಾ ಕುಡಿದು ಮಲಗಿದವನು ಎರಡು ಗಂಟೆಗೆ ಬೆವರಿನಲ್ಲಿ ತೊಯ್ದು ಎದ್ದೆ. ಮಗ ನಗರದ ಒಂದು ಖಾಸಗಿ ಆಸ್ಪತ್ರೆಗೆ ಒಯ್ದ. ಮರುದಿನ ಹೃದಯದ ಕಟ್ಟಿದ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ, ಒಂದು ಸ್ಟೆಂಟ್. ತುರ್ತು ವಿಭಾಗದಲ್ಲಿ ಎಳೆಯ ವೈದ್ಯರೊಬ್ಬರು ಮಗನನ್ನು ಕೇಳಿ ಬರೆದುಕೊಂಡಿದ್ದ ಸಾಲು ಡಿಸ್ಚಾರ್ಜ್ ಕಾಗದದ ಮೊದಲ ಪುಟದಲ್ಲಿ ಹಾಗೆಯೇ ಇತ್ತು: ಟೈಪ್ 2 ಡಯಾಬಿಟಿಸ್, 9 ವರ್ಷದಿಂದ. ಮಗ ಸತ್ಯವನ್ನೇ ಹೇಳಿದ್ದ, ಹೇಳಲೇಬೇಕಿತ್ತು. ಇಲ್ಲದಿದ್ದರೆ ಚಿಕಿತ್ಸೆಯೇ ದಾರಿ ತಪ್ಪುತ್ತಿತ್ತು. ವಿಮಾ ಕಂಪನಿ ಆ ಸಾಲನ್ನೂ ನಾಲ್ಕು ತಿಂಗಳ ಹಿಂದಿನ ಅರ್ಜಿಯ "ಇಲ್ಲ" ಎಂಬುದನ್ನೂ ಅಕ್ಕಪಕ್ಕ ಇಟ್ಟು, ಕ್ಲೇಮ್ ನಿರಾಕರಿಸಿ ಪಾಲಿಸಿಯನ್ನೂ ರದ್ದು ಮಾಡಿತು. ಆಸ್ಪತ್ರೆಯ 2,14,000 ರೂಪಾಯಿಯ ಬಿಲ್ಲನ್ನು ಹೆಂಡತಿಯ ಬಳೆ ಅಡವಿಟ್ಟು, ಬಿಗುಮಾನ ಬಿಟ್ಟು ತಮ್ಮನನ್ನೂ ಕೇಳಿ ಕಟ್ಟಿದೆವು.

ಕಂಪನಿಯ ದೂರು ಅಧಿಕಾರಿಗೆ ಬರೆದು, ಅಲ್ಲಿಂದಲೂ ನಿರಾಕರಣೆ ಬಂದ ಮೇಲೆ ಬೆಂಗಳೂರಿನಲ್ಲಿರುವ, ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸಿ ತೀರ್ಪು ಕೊಡುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಟ್ಟೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, ನಿರಾಕರಣೆಯಾದ ಒಂದು ವರ್ಷದೊಳಗೆ ದೂರು ಕೊಡಬಹುದು. ನಿಮ್ಮ ಪಕ್ಷ ಗಟ್ಟಿಯಿದ್ದರೆ ಖಂಡಿತ ಬಳಸಿಕೊಳ್ಳಬೇಕಾದ ದಾರಿ ಅದು. ನನ್ನ ಪಕ್ಷ ಗಟ್ಟಿಯಿರಲಿಲ್ಲ. ವಿಚಾರಣೆ ವಿಡಿಯೊ ಕರೆಯಲ್ಲಿ ನಡೆಯಿತು, ನಾನು ಡ್ರಾಯಿಂಗ್ ಮಾಡುವ ಅದೇ ಪರದೆಯ ಮುಂದೆ. ಎಂಟು ವರ್ಷದ ಹಳೆಯ ಪಾಲಿಸಿ, ಏಜೆಂಟನ ಮಾತು, ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಓಟಿಪಿ ನೀವೇ ಕೊಟ್ಟಿರಾ ಎಂದು ಕೇಳಿದರು. ಹೌದು ಎಂದೆ. ತೀರ್ಪು ನನ್ನ ವಿರುದ್ಧ ಬಂತು. ಏಜೆಂಟ್ ಹುಡುಗ ಈಗ ಓಣಿಯಲ್ಲಿ ಎದುರಾದರೆ, "ನೀವ ಹೂಂ ಅಂದಿದ್ರಲ್ರಿ ಕಾಕಾ" ಎನ್ನುತ್ತಾನೆ. ಅದೂ ನಿಜವೇ.

ಈಗ ನಾನು ಮಾಡುತ್ತಿರುವುದನ್ನು ಹೇಳುತ್ತೇನೆ. ಪ್ರತಿ ಬಿಲ್ಲಿನ ಹಣ ಬಂದ ದಿನವೇ ಅದರಲ್ಲಿ ಹತ್ತರಲ್ಲೊಂದು ಭಾಗ ಹೆಂಡತಿಯ ಹೆಸರಿನ ಬೇರೆ ಖಾತೆಗೆ ಹೋಗುತ್ತದೆ. ಪ್ರೀಮಿಯಂ ಅಲ್ಲಿಂದಲೇ, ನವೀಕರಣಕ್ಕೆ ಒಂದು ತಿಂಗಳ ಮೊದಲೇ ಕಟ್ಟುವುದು ಎಂದು ಗೊತ್ತುಮಾಡಿಕೊಂಡಿದ್ದೇವೆ. ಒಮ್ಮೆಲೇ ಕಟ್ಟಲಾಗದವರು ಕಂತಿನಲ್ಲಿ ಕಟ್ಟುವ ಸೌಲಭ್ಯ ಕೇಳಬಹುದು; ತಿಂಗಳ ಕಂತಿಗೆ ರಿಯಾಯಿತಿ ಹದಿನೈದೇ ದಿನವಾದರೂ ಆ ದಿನಗಳಲ್ಲಿ ರಕ್ಷಣೆ ಮುಂದುವರಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡ 18ರ ಜಿಎಸ್‌ಟಿ ಹೋಗಿರುವುದರಿಂದ ಭಾರ ಸ್ವಲ್ಪ ಇಳಿದಿದೆ. ಅದೇ ವರ್ಷದ ಜೂನ್‌ನಲ್ಲಿ ಕನ್ನಡಕ ಹಾಕಿಕೊಂಡು, ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ, ಸಕ್ಕರೆ, ಸ್ಟೆಂಟ್, ರದ್ದಾದ ಪಾಲಿಸಿ ಎಲ್ಲವನ್ನೂ ನಾನೇ ಬರೆದು ಹೊಸ ಅರ್ಜಿ ಹಾಕಿದೆ. ಎರಡು ಕಂಪನಿಗಳು ಬೇಡವೆಂದವು, ಮೂರನೆಯದು ಹೆಚ್ಚಿನ ಪ್ರೀಮಿಯಂ ಹಾಕಿ ಒಪ್ಪಿತು. ಹೃದಯ ಮತ್ತು ಸಕ್ಕರೆಗೆ ಸಂಬಂಧಿಸಿದ ಖರ್ಚಿಗೆ 2028ರ ಜೂನ್‌ವರೆಗೆ ಕಾಯಬೇಕು.

ಆ ಕಾರ್ಖಾನೆಯ ಬಾಕಿಯಲ್ಲಿ ಇನ್ನೂ 47,400 ರೂಪಾಯಿ ಬರಬೇಕಿದೆ. ಕಳೆದ ತಿಂಗಳು ಅವರೇ ಫೋನ್ ಮಾಡಿ ಹೊಸ ಫಿಕ್ಸ್ಚರ್ ಒಂದರ ಡ್ರಾಯಿಂಗ್ ತುರ್ತಾಗಿ ಬೇಕೆಂದರು. ಹಳೆಯ ಬಾಕಿ ತೀರಿಸಿ, ಪರ್ಚೇಸ್ ಆರ್ಡರ್ ಮೇಲ್ ಮಾಡಿ, ಅದರಲ್ಲಿ ನನ್ನ ಉದ್ಯಮ್ ಸಂಖ್ಯೆ ಮತ್ತು ಹಣ ಕೊಡುವ ದಿನ ಬರೆಯಿರಿ ಎಂದೆ. "ಇಷ್ಟ ವರ್ಷದ ಪರಿಚಯ, ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?" ಎಂದು ಬೇಸರಪಟ್ಟುಕೊಂಡರು. ಮೇಲ್ ಬಂದಿಲ್ಲ, ನಾನೂ ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆದಿಲ್ಲ.

ಉದ್ಯಮಬಾಗ, ಮಚ್ಛೆ ಕಡೆ ಕೆಲಸ ಮಾಡುವ, ನನ್ನನ್ನು ಬಲ್ಲ ಗೆಳೆಯರು ತಮ್ಮ ಪಾಲಿಸಿಯನ್ನು ಒಮ್ಮೆ ಕೂತು ಓದಿಸಿಕೊಳ್ಳಬೇಕೆಂದರೆ ಸಂಜೆ ಏಳರ ಮೇಲೆ ಮನೆಗೆ ಬನ್ನಿ. ಪಾಲಿಸಿಯ ಪೂರ್ತಿ ಪ್ರತಿಯನ್ನೂ ಅರ್ಜಿಯ ಪ್ರತಿಯನ್ನೂ ತನ್ನಿ. ಏಜೆಂಟರು ವಾಟ್ಸಾಪಿಗೆ ಕಳಿಸಿದ ಫೋಟೊ ಸಾಲದು, ಅದರಲ್ಲಿ ಸಾಮಾನ್ಯವಾಗಿ ಮೊದಲ ಪುಟವಷ್ಟೇ ಇರುತ್ತದೆ.