ಮೂರು ಥರದ ಕೋಲ್ಡ್ ಬಾಕ್ಸ್ ಬಳಸಿ ನೋಡಿದ್ಮೇಲೆ

ಬೇಗ ಹಾಳಾಗೋ ಸರಕು ಕಳ್ಸೋದೇ ನನ್ ಕೆಲ್ಸ. ಹೂವು, ಮೀನು, ಆಗಾಗ 2ರಿಂದ 8 ಡಿಗ್ರಿ ಒಳಗೇ ಇರ್ಬೇಕಾದ ಔಷಧಿ. ಥರ್ಮೋಕೋಲ್, ಪಿಯು ಫೋಮ್ (ಪಾಲಿಯುರೆಥೇನ್ ಅನ್ನೋ ಗಟ್ಟಿ ನೊರೆ ಪ್ಲಾಸ್ಟಿಕ್), ವ್ಯಾಕ್ಯೂಮ್ ಪ್ಯಾನಲ್ (ಒಳಗಿನ ಗಾಳಿ ತೆಗೆದು ಫಾಯಿಲ್‌ನಲ್ಲಿ ಮುಚ್ಚಿದ ಹಲಗೆ), ಈ ಮೂರರ ಬಾಕ್ಸೂ ಬಳಸಿದೀನಿ. ಯಾವ ಬಾಕ್ಸೂ ತಾನಾಗಿ ತಂಪು ಮಾಡಲ್ಲ, ಹೊರಗಿನ ಬಿಸಿ ಒಳಗೆ ಬರೋದನ್ನ ತಡ ಮಾಡುತ್ತೆ ಅಷ್ಟೇ, ಅದಕ್ಕೇ ಸರಕು ಮೊದ್ಲೇ ತಣ್ಣಗಿರ್ಬೇಕು, ಇಲ್ಲಾಂದ್ರೆ ಅದನ್ನ ತಣ್ಣಗೆ ಮಾಡೋದ್ರಲ್ಲೇ ಒಳಗಿಟ್ಟ ಜೆಲ್ ಪ್ಯಾಕ್ (ಹೆಪ್ಪುಗಟ್ಟಿಸಿದ ಜೆಲ್ ಚೀಲ) ಅರ್ಧ ಕರಗಿರುತ್ತೆ.

ಥರ್ಮೋಕೋಲ್ ಹಗುರ, ಅಗ್ಗ, ಒಂದು ದಿನದ ದಾರಿಗೆ ಗೋಡೆ ದಪ್ಪ ಇದ್ರೆ ಸಾಕು. ಮೂಲೆ ಬೇಗ ಮುರಿಯುತ್ತೆ, ಮುಚ್ಚಳ ಸರಿಯಾಗಿ ಕೂರಲ್ಲ, ಸುತ್ತ ಟೇಪ್ ಹಾಕ್ಲೇಬೇಕು. ಪಿಯು ಫೋಮ್‌ನಲ್ಲಿ ಅಷ್ಟೇ ದಪ್ಪಕ್ಕೆ ಬಿಸಿ ನುಗ್ಗೋದು ಸುಮಾರು ಮೂರನೇ ಒಂದು ಭಾಗ ಕಮ್ಮಿ. ವ್ಯಾಕ್ಯೂಮ್ ಪ್ಯಾನಲ್ ಥರ್ಮೋಕೋಲ್‌ಗಿಂತ ಐದು ಪಟ್ಟಾದ್ರೂ ಚೆನ್ನಾಗಿ ತಡೆಯುತ್ತೆ, ಗೋಡೆ ತೆಳ್ಳಗಿದ್ರೂ ಸಾಕಾಗೋದ್ರಿಂದ ಒಳಗೆ ಜಾಗ ಜಾಸ್ತಿ ಸಿಗುತ್ತೆ, ಆದ್ರೆ ದುಬಾರಿ, ವಾಪಸ್ ತರಿಸ್ಕೊಂಡು ಮತ್ತೆ ಮತ್ತೆ ಬಳಸಿದ್ರೇನೇ ಲೆಕ್ಕ ಕೂಡುತ್ತೆ.

ಬಾಕ್ಸ್ ಮೇಲೆ 72 ಗಂಟೆ ಅಂತ ಬರೆದಿದ್ದನ್ನ ನಂಬಿ ನಾನು ಒಂದ್ಸಲ ಪೂರ್ತಿ ಲೋಡ್ ಕಳ್ಕೊಂಡೆ. ಬೇಸಿಗೆ, ಬಾಕ್ಸ್‌ಗಳು ಬಿಸಿಲಲ್ಲೇ ನಿಂತಿದ್ವು, ಎರಡನೇ ದಿನವೇ 8 ಡಿಗ್ರಿ ದಾಟಿತ್ತು. ಆಮೇಲೆ ಕೇಳಿದ್ರೆ ಆ 72 ಗಂಟೆ ಟೆಸ್ಟ್ ಮಾಡಿದ್ದು ತಂಪು ಹವೆಯಲ್ಲಂತೆ. ಆ ನಂಬರ್ ಒಂದನ್ನೇ ನೋಡ್ಬೇಡಿ ದಯವಿಟ್ಟು, ಹೊರಗೆ ಎಷ್ಟು ಡಿಗ್ರಿ ಇಟ್ಟು ಟೆಸ್ಟ್ ಮಾಡಿದ್ರು, ಒಳಗೆ ಎಷ್ಟು ಸರಕಿತ್ತು, ಎಷ್ಟು ಪ್ಯಾಕ್ ಹಾಕಿದ್ರು ಅಂತ ರಿಪೋರ್ಟ್ ಕೇಳಿ. ಕೊಡಲ್ಲ ಅಂದ್ರೆ ತಗೋಬೇಡಿ.

ಔಷಧಿ ವಿಷ್ಯದಲ್ಲಿ ಬಿಸಿಗಿಂತ ನಂಗೆ ಭಯ ಹೆಪ್ಪುಗಟ್ಟೋದ್ರದ್ದು. ಅಲ್ಯೂಮಿನಿಯಂ ಸಾಲ್ಟ್ ಇರೋ ಲಸಿಕೆ ಒಂದ್ಸಲ ಹೆಪ್ಪುಗಟ್ಟಿದ್ರೆ ಕೆಟ್ಟಂಗೇ, ಕರಗಿದ್ಮೇಲೆ ಬರೀ ಕಣ್ಣಿಗೆ ಗೊತ್ತಾಗದೇ ಇರ್ಬಹುದು. ಫ್ರೀಜರಿಂದ ತೆಗೆದ ಐಸ್ ಪ್ಯಾಕನ್ನ ಹಾಗೇ ಪಕ್ಕಕ್ಕಿಟ್ರೆ ಅದೇ ಆಗೋದು. ಸ್ವಲ್ಪ ಹೊತ್ತು ಹೊರಗಿಡಿ, ಅಲ್ಲಾಡಿಸಿದ್ರೆ ಒಳಗೆ ನೀರಾಡೋ ಸದ್ದು ಬರ್ಬೇಕು, ಆಮೇಲೆ ಹಾಕಿ. ಪಿಸಿಎಂ ಪ್ಯಾಕ್, ಅಂದ್ರೆ ನೀರಿನ ಬದ್ಲು 5 ಡಿಗ್ರಿ ಹತ್ರ ಕರಗೋ ಪದಾರ್ಥ ತುಂಬಿದ ಪ್ಯಾಕ್, ಸಿಕ್ಕಿದ್ರೆ ಇನ್ನೂ ಒಳ್ಳೇದು, ಅದಕ್ಕೆ ಸ್ವಲ್ಪ ಜಾಸ್ತಿ ಕೊಟ್ರೂ ನಂಗೆ ಬೇಜಾರಿಲ್ಲ.

ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಹೆಪ್ಪುಗಟ್ಟೇ ಇರ್ಬೇಕಾದ ಸರಕಿಗೆ ಮಾತ್ರ. ಅದು ಮೈನಸ್ 78.5 ಡಿಗ್ರಿ, ಒಂದು ಕೆಜಿ ಆವಿಯಾದ್ರೆ 500 ಲೀಟರ್‌ಗೂ ಜಾಸ್ತಿ ಗ್ಯಾಸ್, ಗಾಳಿ ಆಡದಂಗೆ ಬಿಗಿಯಾಗಿ ಮುಚ್ಚಿದ್ರೆ ಬಾಕ್ಸ್ ಸಿಡಿಯುತ್ತೆ. ವಿಮಾನದಲ್ಲಿ ಕಳ್ಸೋದಾದ್ರೆ ಯುಎನ್ 1845 (ಡ್ರೈ ಐಸ್‌ನ ಅಂತಾರಾಷ್ಟ್ರೀಯ ನಂಬರ್) ಲೇಬಲ್, ಡ್ರೈ ಐಸ್ ಎಷ್ಟು ಕೆಜಿ ಅನ್ನೋದು ಹೊರಗೆ ಬರೆದಿರ್ಬೇಕು.

ಒಳಗಿನ ಡಿಗ್ರಿ ದಾಖಲಿಸೋ ಲಾಗರ್ ಒಂದೇ ಇದ್ರೆ ಸಾಕಾಗಲ್ಲ, ಮಧ್ಯದಲ್ಲೊಂದು, ಮೂಲೆಯಲ್ಲೊಂದು ಇಡಿ, ಬಿಸಿ ಮೊದ್ಲು ನುಗ್ಗೋದು ಮೂಲೆ ಮತ್ತೆ ಮುಚ್ಚಳದ ಸಂದಿಯಿಂದ.

ಈಗ ನಾನು ಮೀನಿಗೆ ಥರ್ಮೋಕೋಲ್, ಎರಡು ದಿನದ ಹೂವಿಗೆ ಪಿಯು, ಔಷಧಿಗೆ ವ್ಯಾಕ್ಯೂಮ್ ಪ್ಯಾನಲ್ ಬಳಸ್ತೀನಿ. ಪ್ಯಾನಲ್ ವಾಪಸ್ ಬಂದಾಗೆಲ್ಲ ಕೈಯಾಡಿಸಿ ನೋಡ್ತೀನಿ, ಫಾಯಿಲ್ ಸಡಿಲ ಅನ್ಸಿದ್ರೆ ಎಲ್ಲೋ ತೂತಾಗಿ ಗಾಳಿ ಹೊಕ್ಕಿದೆ ಅಂತ, ಅದನ್ನ ಅವತ್ತೇ ಪಕ್ಕಕ್ಕಿಡ್ತೀನಿ.