ಹ್ಯೂಗೋ + ಗಿಟ್‌ಹಬ್ ಪೇಜಸ್, ನಾಲ್ಕು ವರ್ಷ ಬಳಸಿದ ಮೇಲೆ: ಎಲ್ಲಾ ಚೆನ್ನಾಗಿದೆ, ಒತ್ತಕ್ಷರ ಒಂದು ಬಿಟ್ಟು

ಮೊದಲೇ ಹೇಳಿಬಿಡ್ತೀನಿ, ಇನ್‌ಸ್ಟಾಲ್ ಮಾಡೋದು ಹೇಗೆ ಅಂತ ಇದರಲ್ಲಿ ಇಲ್ಲ, ಅದಕ್ಕೆ ಯೂಟ್ಯೂಬಲ್ಲಿ ಬೇಕಾದಷ್ಟು ವಿಡಿಯೋ ಇವೆ. ಹೋದ ವಾರ ನಮ್ಮ ಟೀಮಿಗೆ ಹೊಸದಾಗಿ ಸೇರಿರೋ ಹುಡುಗಿ "ಸರ್, ನಾನೂ ಕನ್ನಡದಲ್ಲಿ ಟೆಕ್ ಬ್ಲಾಗ್ ಶುರು ಮಾಡ್ಬೇಕು, ಯಾವ್ದು ಒಳ್ಳೇದು" ಅಂತ ಕೇಳಿದ್ಲು. ಹ್ಯೂಗೋ (ನಾವು ಬರೆದದ್ದನ್ನ ವೆಬ್ ಪೇಜ್ ಮಾಡಿಕೊಡೋ ಸಾಫ್ಟ್‌ವೇರ್) ಅಂತ ಒಂದು ಪದ ಹೇಳಿ ಸುಮ್ನಾಗಬೇಕಿದ್ದವನು ಅರ್ಧ ಗಂಟೆ ಒತ್ತಕ್ಷರದ ಗೋಳು ಹೇಳ್ಕೊಂಡೆ, ಅವಳು ಪಾಪ ಟೀ ಮುಗಿಸಿ ಎದ್ದು ಹೋದ್ಲು. ಬಾಕಿ ಉಳಿದ ಗೋಳು ಇಲ್ಲಿದೆ.

ನಾನು ಮೈಸೂರಲ್ಲಿರೋ ಬ್ಯಾಕ್‌ಎಂಡ್ ಡೆವಲಪರ್. 2008ರಲ್ಲಿ ಗಿಟ್‌ಹಬ್ ಪೇಜಸ್ (ಸೈಟನ್ನ ಪುಕ್ಕಟೆ ಇಡೋಕೆ ಗಿಟ್‌ಹಬ್ ಕೊಡೋ ಜಾಗ) ಶುರು ಆದಾಗ ನಾನು ಕಾಲೇಜಲ್ಲಿ ಬ್ಲಾಗ್‌ಸ್ಪಾಟ್ ಇಟ್ಕೊಂಡು ಕವನ ಬರೀತಿದ್ದೆ (ಲಿಂಕ್ ಕೇಳ್ಬೇಡಿ). ಆಮೇಲೆ ಕೆಲಸ, ಮದುವೆ, ಮಗು, ಬ್ಲಾಗ್ ಸತ್ತೋಯ್ತು. ನಾಲ್ಕು ವರ್ಷದ ಹಿಂದೆ ಮತ್ತೆ ಶುರು ಮಾಡೋಣ ಅನ್ನಿಸಿದಾಗ ಮೊದಲು ಜೆಕಿಲ್ (ಹ್ಯೂಗೋ ಥರದ್ದೇ, ರೂಬಿ ಭಾಷೆಲಿ ಬರೆದಿರೋದು) ಹಾಕಿದೆ, ರೂಬಿ ವರ್ಶನ್ ಜೊತೆ ಎರಡು ವೀಕೆಂಡ್ ಗುದ್ದಾಡಿ ಬಿಟ್ಟೆ. ಹ್ಯೂಗೋ ಗೋ ಭಾಷೆಲಿ ಬರೆದಿರೋದು, ಒಂದೇ ಒಂದು ಬೈನರಿ (ಓಡಿಸೋಕೆ ರೆಡಿ ಇರೋ ಫೈಲು), ಡೌನ್‌ಲೋಡ್ ಮಾಡಿ ಪಾತ್‌ಗೆ ಹಾಕಿದ್ರೆ ಮುಗೀತು. ಅದೇ ದಿನ ಸಂಜೆ ಬ್ಲಾಗ್ ರೆಡಿ ಆಯ್ತು.

ಖರ್ಚು ಅಂದ್ರೆ ಡೊಮೈನ್ ಮಾತ್ರ. ಮೊದಲ ವರ್ಷ 299 ರೂಪಾಯಿ ಅಂತ ಆಸೆ ತೋರಿಸಿ ಎರಡನೇ ವರ್ಷ 849 ತಗೊಂಡ್ರು, ಯಾವ ಕಂಪನಿ ಅಂತ ಹೇಳಲ್ಲ, ಎಲ್ರೂ ಅದೇ ಜಾತಿ. ಹೋಸ್ಟಿಂಗ್ ಪುಕ್ಕಟೆ. ಸೈಟ್ 1 ಜಿಬಿ ಒಳಗಿರಬೇಕು, ತಿಂಗಳಿಗೆ 100 ಜಿಬಿ ಬ್ಯಾಂಡ್‌ವಿಡ್ತ್ ಅಂತ ಮಿತಿ ಇದೆ, ನನ್ನ ಸೈಟು ಫೋಟೋ ಎಲ್ಲಾ ಸೇರಿ 40 ಎಂಬಿ ದಾಟಿಲ್ಲ, ಓದೋರು ಎಷ್ಟು ಅಂತ ಹೇಳಿದ್ರೆ ನೀವು ನಗ್ತೀರ.

ನಂಗೆ ಇದರಲ್ಲಿ ತುಂಬಾ ಇಷ್ಟ ಆಗೋದು ಬೆಳಿಗ್ಗೆ ಹೊತ್ತು. ಐದೂವರೆಗೆ ಏಳ್ತೀನಿ, ರಾತ್ರಿನೇ ಇಳಿಸಿಟ್ಟ ಡಿಕಾಕ್ಷನ್‌ಗೆ ಹಾಲು ಬೆರೆಸಿ ಲೋಟ ಇಟ್ಕೊಂಡು ಹಾಲ್‌ನಲ್ಲಿ ಕೂತ್ಕೋತೀನಿ, ಲೈಟ್ ಹಾಕಿದ್ರೆ ಮಗಳು ಎದ್ದುಬಿಡ್ತಾಳೆ ಅಂತ ಲ್ಯಾಪ್‌ಟಾಪ್ ಬೆಳಕಲ್ಲೇ ಎಲ್ಲಾ. ಟರ್ಮಿನಲಲ್ಲಿ ಹ್ಯೂಗೋ ಸರ್ವರ್ ಅಂತ ಹೊಡೆದು ಬ್ರೌಸರಲ್ಲಿ 1313 ಪೋರ್ಟ್ ತೆಗೆದ್ರೆ ಒಂದ್ಕಡೆ ಎಡಿಟರ್ ಇನ್ನೊಂದ್ಕಡೆ ಪೇಜು, ಸೇವ್ ಕೊಟ್ಟ ತಕ್ಷಣ ಕಣ್ಣು ಆ ಕಡೆ ತಿರುಗಿಸೋದ್ರೊಳಗೆ ಪೇಜು ತಾನಾಗೇ ಬದಲಾಗಿರುತ್ತೆ. ಆಫೀಸ್ ಪ್ರಾಜೆಕ್ಟಲ್ಲಿ ಒಂದು ಬಿಲ್ಡ್‌ಗೆ ಹನ್ನೊಂದು ನಿಮಿಷ ಕಾಯೋನಿಗೆ ಇದು ಎಂಥಾ ಸುಖ ಅಂತ ಹೇಳಿದ್ರೆ ಅರ್ಥ ಆಗಲ್ಲ. ಆರೂ ಮುಕ್ಕಾಲಿಗೆ ಹಾಲಿನವನು ಬೆಲ್ ಮಾಡ್ತಾನೆ, ಕಮಿಟ್, ಪುಶ್ (ಬರೆದದ್ದನ್ನ ಗಿಟ್‌ಹಬ್‌ಗೆ ಕಳಿಸೋದು), ಲೋಟ ತೊಳೆದಿಟ್ಟು ಮಗಳನ್ನ ಎಬ್ಬಿಸೋದು.

ಈಗ ವಿಷಯಕ್ಕೆ ಬರ್ತೀನಿ.

ನಾನು ಹಾಕಿದ ಥೀಮ್ (ಹೆಸರು ಬೇಡ, ಮಾಡಿದವರು ಪುಣ್ಯಾತ್ಮರು, ಯಾರ ಹತ್ರಾನೂ ಕಾಸು ತಗೊಂಡಿಲ್ಲ) ನೋಡೋಕೆ ತುಂಬಾ ಚೆಂದ. ಡೆಮೋ ಪೂರ್ತಿ ಇಂಗ್ಲಿಷಲ್ಲಿತ್ತು. ನನ್ನ ಮೊದಲ ಪೋಸ್ಟು "ಜಾವಾಸ್ಕ್ರಿಪ್ಟ್ ಪ್ರಾಮಿಸ್ ಅಂದ್ರೇನು". ಪಬ್ಲಿಶ್ ಮಾಡಿ ಹೆಮ್ಮೆಯಿಂದ ಫೋನಲ್ಲಿ ತೆಗೆದು ಹೆಂಡ್ತಿಗೆ ತೋರಿಸಿದ್ರೆ ಅವಳು ಓದಿದ್ದು "ಜಾವಾಸಿಪ್". ಜಾವಾಸಿಪ್ ಅಂದ್ರೇನು, ಕಾಫಿ ಬಗ್ಗೆ ಬರ್ದಿದೀರಾ ಅಂತ ಕೇಳಿದ್ಲು. ಕಿತ್ಕೊಂಡು ನೋಡಿದೆ, ಹೌದು, ಹೋಮ್ ಪೇಜಿನ ಪಟ್ಟಿಯಲ್ಲಿ ಟೈಟಲ್‌ನ ಕೆಳಗಡೆ ಭಾಗ ಕತ್ತರಿಸಿ ಹೋಗಿದೆ. ಸ ಕೆಳಗಿದ್ದ ಕ ಒತ್ತು, ರ ಒತ್ತು, ಪ ಕೆಳಗಿದ್ದ ಟ ಒತ್ತು, ಎಲ್ಲಾ ಮಾಯ. ಪೋಸ್ಟ್‌ಗ್ರೆಸ್ ಪೋಸ್‌ಗೆಸ್ ಆಗಿತ್ತು. ಕತ್ತೆ ಅಂತ ಬರೆದಿದ್ರೆ ಕತೆ ಆಗ್ತಿತ್ತು, ಪುಣ್ಯಕ್ಕೆ ಡೇಟಾಬೇಸ್ ಬಗ್ಗೆ ಬರೆಯೋವಾಗ ಕತ್ತೆ ಅಷ್ಟಾಗಿ ಬರಲ್ಲ.

ಕಾರಣ ಸಿಂಪಲ್ಲು. ಇಂಗ್ಲಿಷಲ್ಲಿ ಗೆರೆಯಿಂದ ಕೆಳಗೆ ಇಳಿಯೋದು ಅಂದ್ರೆ ಜಿ, ವೈ ಥರ ನಾಲ್ಕೈದು ಅಕ್ಷರದ ಬಾಲ ಅಷ್ಟೇ, ಅದಕ್ಕೆ ಸಿಎಸ್‌ಎಸ್ಸಲ್ಲಿ (ಪೇಜು ಹೇಗೆ ಕಾಣಬೇಕು ಅಂತ ಬರೆಯೋ ಫೈಲು) ಹೆಡಿಂಗಿನ ಲೈನ್ ಹೈಟ್, ಅಂದ್ರೆ ಸಾಲಿನ ಎತ್ತರ, 1.1 ಇಟ್ಟು, ಮೇಲಿಂದ ಓವರ್‌ಫ್ಲೋ ಹಿಡನ್ (ಹೊರಗೆ ಚಾಚಿದ್ದನ್ನ ಕತ್ತರಿಸು) ಅಂತ ಬೇರೆ ಹಾಕಿದ್ರು. ಕನ್ನಡದಲ್ಲಿ ಅಕ್ಷರದ ಕೆಳಗೆ ಇನ್ನೊಂದು ಅಕ್ಷರಾನೇ ಇಳಿದು ಕೂರುತ್ತೆ, ಕೆಲವು ಸಲ ಎರಡು. ಹೆಡಿಂಗ್ ಎರಡು ಸಾಲು ಆಯ್ತು ಅಂದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಡಿಕ್ಕಿ. ಲೈನ್ ಹೈಟ್ 1.6 ಮಾಡಿ, ಫಾಂಟು ನೋಟೋ ಸಾನ್ಸ್ ಕನ್ನಡ ಹಾಕಿದ ಮೇಲೆ ಹೆಡಿಂಗ್ ಸರಿ ಹೋಯ್ತು, ಆದರೆ ಮೆನು, ಟ್ಯಾಗ್, ಹಿಂದಿನ ಪೋಸ್ಟ್ ಮುಂದಿನ ಪೋಸ್ಟ್ ಬಟನ್ನು, ಒಂದೊಂದರಲ್ಲೂ ಒಂದೊಂದು ಕಡೆ ಕತ್ತರಿ. ಎರಡು ತಿಂಗಳು ಬೆಳಗಿನ ಕಾಫಿ ಹೊತ್ತು ಪೂರ್ತಿ ಒತ್ತಕ್ಷರ ಹುಡುಕೋದ್ರಲ್ಲೇ ಹೋಯ್ತು, ಒಂದು ಪೋಸ್ಟೂ ಬರೀಲಿಲ್ಲ. ಕೋಡ್ ಒಳಗಿನ ಕನ್ನಡ ಕಾಮೆಂಟ್ ಇವತ್ತಿಗೂ ಸೊಟ್ಟನೇ ನಿಲ್ಲುತ್ತೆ, ನಾನು ಹಾಕ್ಕೊಂಡಿರೋ ಮೋನೋಸ್ಪೇಸ್ (ಎಲ್ಲಾ ಅಕ್ಷರಕ್ಕೂ ಒಂದೇ ಅಗಲ ಇರೋ) ಫಾಂಟಲ್ಲಿ ಕನ್ನಡನೇ ಇಲ್ಲ.

ಒಂದು ಸಲ ಈ ಕಣ್ಣು ಬಂತು ಅಂದ್ರೆ ಎಲ್ಲಾ ಕಡೆ ಅದೇ ಕಾಣೋದು. "ಓದಲು 2 ನಿಮಿಷ" ಅಂತ ಮೇಲ್ಗಡೆ ಬರುತ್ತಲ್ಲ, ಹ್ಯೂಗೋ ಅದನ್ನ ನಿಮಿಷಕ್ಕೆ 213 ಪದ ಅಂತ ಲೆಕ್ಕ ಹಾಕುತ್ತೆ. ನಮ್ಮಲ್ಲಿ "ನೋಡ್ಬೇಕಾಗಿತ್ತಂತೆ" ಅನ್ನೋದು ಒಂದೇ ಪದ, ಇಂಗ್ಲಿಷಲ್ಲಿ ಅದಕ್ಕೆ ನಾಲ್ಕೈದು ಪದ ಬೇಕು. ನಮ್ಮಪ್ಪ ಆ ಎರಡು ನಿಮಿಷದ ಪೋಸ್ಟ್ ಓದೋಕೆ ಕನ್ನಡಕ ಹುಡುಕೋ ಟೈಮ್ ಬಿಟ್ಟೇ ಐದು ನಿಮಿಷ ತಗೊಂಡ್ರು. ಅದನ್ನ ತೆಗೆದುಹಾಕಿದೆ. ಆಮೇಲೆ ಲಿಂಕು. ಫೈಲ್ ಹೆಸರು ಕನ್ನಡದಲ್ಲಿ ಇಟ್ರೆ ಯುಆರ್‌ಎಲ್ಲೂ ಕನ್ನಡದಲ್ಲೇ ಬರುತ್ತೆ, ಖುಷಿನೇ, ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕೋವರೆಗೂ. ಕನ್ನಡದ ಒಂದೊಂದು ಕೋಡ್‌ಪಾಯಿಂಟೂ (ಅಕ್ಷರ, ಗುರುತು ಒಂದೊಂದಕ್ಕೂ ಕೊಟ್ಟಿರೋ ನಂಬರ್) ಯುಟಿಎಫ್-8ರಲ್ಲಿ, ಅಂದ್ರೆ ಕಂಪ್ಯೂಟರ್ ಅಕ್ಷರ ಬರೆದಿಡೋ ರೀತಿಲಿ, ಮೂರು ಬೈಟ್, ಪರ್ಸೆಂಟ್ ಗುರುತು ಸೇರಿ ಲಿಂಕಲ್ಲಿ ಒಂಬತ್ತು ಕ್ಯಾರೆಕ್ಟರ್, ಅಂದ್ರೆ "ಕನ್ನಡ" ಅನ್ನೋ ಪದ ಒಂದಕ್ಕೇ (ಕ, ನ, ಹಲಂತ, ನ, ಡ, ಒಟ್ಟು ಐದು) 45. ಫ್ಯಾಮಿಲಿ ಗ್ರೂಪಲ್ಲಿ ನಾಲ್ಕು ಸಾಲು ಪರ್ಸೆಂಟ್ ಪರ್ಸೆಂಟ್ ನೋಡಿ ಚಿಕ್ಕಪ್ಪ "ಯಾರೂ ಒತ್ತಬೇಡಿ, ವೈರಸ್" ಅಂತ ಮೆಸೇಜ್ ಹಾಕಿದ್ರು. ಈಗ ಸ್ಲಗ್ (ಲಿಂಕಲ್ಲಿ ಬರೋ ಪೋಸ್ಟಿನ ಹೆಸರು) ಇಂಗ್ಲಿಷಲ್ಲೇ ಕೊಡ್ತೀನಿ, ಮನಸ್ಸಿಲ್ಲದ ಮನಸ್ಸಿಂದ.

ಇನ್ನೊಂದು ನನ್ನದೇ ದಡ್ಡತನ, ನೀವು ಮಾಡ್ಬೇಡಿ ಅಂತ ಹೇಳ್ತೀನಿ. ಡೇಟ್ ಹಾಕೋವಾಗ ಟೈಮ್‌ಝೋನ್ ಬರೀದೆ ಬರೀ 6:40 ಅಂತ ಕೊಡ್ತಿದ್ದೆ, ಹ್ಯೂಗೋ ಅದನ್ನ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯ) ಅನ್ಕೊಳ್ಳುತ್ತೆ, ನಮ್ಮ ಲೆಕ್ಕದಲ್ಲಿ ಅದು ಮಧ್ಯಾಹ್ನ 12:10, ಮುಂದಿನ ಟೈಮ್ ಇರೋ ಪೋಸ್ಟ್‌ನ ಅದು ಪಬ್ಲಿಶ್ ಮಾಡಲ್ಲ. ನನ್ನ ಲ್ಯಾಪ್‌ಟಾಪಲ್ಲಿ ಮುಂದಿನ ಟೈಮಿನ ಪೋಸ್ಟನ್ನೂ ತೋರಿಸೋ ಫ್ಯೂಚರ್ ಫ್ಲಾಗ್ ಹಾಕ್ಕೊಂಡಿರ್ತಿದ್ದೆ, ಅಲ್ಲಿ ಕಾಣ್ತಿತ್ತು, ಸೈಟಲ್ಲಿ ಕಾಣ್ತಿರ್ಲಿಲ್ಲ. ಸಂಜೆ ಯಾವುದೋ ಸ್ಪೆಲ್ಲಿಂಗ್ ತಿದ್ದಿ ಪುಶ್ ಮಾಡಿದ್ರೆ ಪೋಸ್ಟ್ ಪ್ರತ್ಯಕ್ಷ. ಕಾನ್ಫಿಗ್ ಫೈಲಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಅಂತ ಒಂದು ಸಾಲು ಬರೆದಿದ್ರೆ ಆಗ್ತಿತ್ತು, ನಾನು ಎಂಟು ತಿಂಗಳು ಗಿಟ್‌ಹಬ್ ಸ್ಲೋ ಅಂತ ಬೈಕೊಂಡು ಓಡಾಡಿದೆ.

ಎರಡನೇ ವರ್ಷದಲ್ಲಿ ಬಿಟ್ಟುಬಿಡೋಣ, ವಾಪಸ್ ಬ್ಲಾಗ್‌ಸ್ಪಾಟ್‌ಗೆ ಹೋಗೋಣ ಅಂತ ಅಂದ್ಕೊಂಡಿದ್ದೆ ನಿಜ. ಕೊನೇದಾಗಿ ನನ್ನ ಸಿಎಸ್‌ಎಸ್ ತಿದ್ದುಪಡಿನೆಲ್ಲಾ ಒಟ್ಟು ಮಾಡಿ ಥೀಮ್ ಮಾಡಿದವರಿಗೆ ಒಂದು ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಕಳಿಸಿದೆ, ಮೊದಲು ಹೇಗಿತ್ತು ಆಮೇಲೆ ಹೇಗಾಯ್ತು ಅಂತ ಎರಡು ಸ್ಕ್ರೀನ್‌ಶಾಟ್ ಹಾಕಿ. ಅವರು ಎಲ್ಲೋ ಯುರೋಪಿನವರು, ನಂಗೆ ಎರಡೂ ಒಂದೇ ಥರ ಕಾಣ್ತಿದೆಯಲ್ಲ ಅಂತ ಉತ್ತರ ಬರೆದ್ರು. ಮೊದಲು ಸಿಟ್ಟು ಬಂತು, ಆಮೇಲೆ ಯೋಚನೆ ಮಾಡಿದ್ರೆ ಸರಿನೇ, ನಂಗೆ ಯಾರಾದ್ರೂ ಜಾರ್ಜಿಯನ್ ಲಿಪಿ ತೋರಿಸಿದ್ರೆ ನಾನೂ ಅದೇ ಹೇಳ್ತಿದ್ದೆ. ಪ್ರತಿ ಒತ್ತಕ್ಷರಕ್ಕೂ ಕೆಂಪು ವೃತ್ತ ಹಾಕಿ ಮತ್ತೆ ಕಳಿಸಿದೆ, ನಮ್ಮ ಮೇಷ್ಟ್ರು ಕಾಗುಣಿತ ತಿದ್ತಿದ್ದ ಹಾಗೆ, ಒಟ್ಟು 23 ವೃತ್ತ. ಮೂರು ವಾರ ಆದ್ಮೇಲೆ ಮರ್ಜ್ ಆಯ್ತು, ಅಂದ್ರೆ ಥೀಮಲ್ಲಿ ಸೇರ್ಕೊಂಡ್ತು. ಅದರ ಕೆಳಗೆ ಯಾರೋ ತೆಲುಗಿನವರು ಬಂದು "ನಮ್ದೂ ಸರಿ ಹೋಯ್ತು" ಅನ್ನೋ ಅರ್ಥದಲ್ಲಿ ಒಂದು ಸಾಲು ಬರೆದು ಹೋಗಿದ್ರು, ಅವರ ಒತ್ತೂ ಕೆಳಗೇ ಇಳಿಯೋದಲ್ವಾ. ಹದಿನೈದು ವರ್ಷದ ಕೆಲಸದಲ್ಲಿ ನಾನು ಬರೆದಿರೋ ಕೋಡಲ್ಲಿ ಯಾರೋ ಗೊತ್ತಿಲ್ಲದವರು ತಾವಾಗಿ ಬಂದು ಥ್ಯಾಂಕ್ಸ್ ಹೇಳಿದ್ದು ಆ ಒಂಬತ್ತು ಸಾಲು ಸಿಎಸ್‌ಎಸ್‌ಗೆ ಮಾತ್ರ. ಅವತ್ತಿಂದ ಹ್ಯೂಗೋ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಆಗ್ತಿಲ್ಲ.

ಹಾಗಾದ್ರೆ ತಗೋಬಹುದಾ? ಗಿಟ್ ಗೊತ್ತಿದ್ದು, ಬೆಳಿಗ್ಗೆ ಒಂದು ಗಂಟೆ ಸಿಗುತ್ತೆ ಅಂದ್ರೆ ಕಣ್ಣು ಮುಚ್ಕೊಂಡು ತಗೊಳ್ಳಿ, ಥೀಮ್ ಮಾತ್ರ ಕಣ್ಣು ಬಿಟ್ಕೊಂಡು ಆರಿಸಿ, ಡೆಮೋ ಪೇಜ್ ತೆಗೆದು ಬ್ರೌಸರ್ ಇನ್‌ಸ್ಪೆಕ್ಟರಲ್ಲಿ ಹೆಡಿಂಗ್ ಜಾಗಕ್ಕೆ "ಜಾವಾಸ್ಕ್ರಿಪ್ಟ್" ಅಂತ ಟೈಪ್ ಮಾಡಿ ನೋಡಿ, ಎರಡು ಸೆಕೆಂಡಲ್ಲಿ ಗೊತ್ತಾಗುತ್ತೆ. ಓದೋರ ಕಾಮೆಂಟ್ ಬೇಕೇ ಬೇಕು ಅನ್ನೋರಿಗೆ ಇದು ಆಗಲ್ಲ, ಗಿಸ್ಕಸ್ ಅನ್ನೋ ಕಾಮೆಂಟ್ ಪೆಟ್ಟಿಗೆ ಹಾಕಬಹುದು, ಆದರೆ ಅದಕ್ಕೆ ಗಿಟ್‌ಹಬ್ ಅಕೌಂಟ್ ಬೇಕು, ನಮ್ಮ ಅತ್ತೆ ಹತ್ರ ಇಲ್ಲ. ಅವರು ಫೋನ್ ಮಾಡೇ ಕಾಮೆಂಟ್ ಹೇಳ್ತಾರೆ.

ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂದ್ರೆ, ಹೋದ ಸಲ ಹ್ಯೂಗೋ ಅಪ್‌ಡೇಟ್ ಮಾಡಿದಾಗ ನನ್ನ ಥೀಮ್ ಮುರಿದು ಬಿತ್ತು, ಈಗ ಆಕ್ಷನ್ಸ್ ಫೈಲಲ್ಲಿ (ಪುಶ್ ಮಾಡಿದಾಗ ಗಿಟ್‌ಹಬ್ ಸೈಟನ್ನ ಹೇಗೆ ಕಟ್ಟಬೇಕು ಅಂತ ಹೇಳೋ ಫೈಲು) ಹಳೇ ವರ್ಶನ್ ನಂಬರ್ ಗಟ್ಟಿಯಾಗಿ ಬರೆದಿಟ್ಟಿದ್ದೀನಿ, ದೀಪಾವಳಿ ರಜದವರೆಗೂ ಅದನ್ನ ಮುಟ್ಟಲ್ಲ.